ಕಳ್ಳ ಸೀನು

ನೀವು ಹಳ್ಳಿ ಬಸ್ಸಿಗೆ ಕೈ ತೋರಿಸಿ ನಿಲ್ಲಿಸಿದ್ದೀರಲ್ಲ, ನಾನು ಚಿಕ್ಕವಳಿದ್ದಾಗ ನಾವು ರೈಲಿಗೇ ಹಾಗೆ ಮಾಡುತ್ತಿದ್ದೆವು. ಅಪ್ಪನಿಗೆ ಸ್ವೀಡನ್ನಿನ ಶೋವ್ಡೆ ಎಂಬ ಊರಿನ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ. ನಮ್ಮ ಮನೆ ಅಲ್ಲಿಂದ ಮೂರು ನಿಲ್ದಾಣ ಆಚೆ. ನಿಲ್ದಾಣವೇನು ಮಹಾ? ಒಂದು ಪ್ಲಾಟ್‌ಫಾರ್ಮ್, ಒಂದು ಮರದ ಗೂಡು, ಅದರೊಳಗೊಂದು ಬೆಂಚು. ಹೊರಗೆ ಯಾರೂ ಕಾಣದಿದ್ದರೆ ರೈಲು ನಿಲ್ಲುತ್ತಿರಲಿಲ್ಲ.

ನನಗೆ ಎಂಟು ವರ್ಷವಿದ್ದಾಗ ಬೇಸಿಗೆಯಲ್ಲಿ ತುಮಕೂರಿನಿಂದ ಅಜ್ಜಿ ಬಂದಳು. ಸಂಜೆ ಅಪ್ಪನನ್ನು ಕಾಯುತ್ತ ಪ್ಲಾಟ್‌ಫಾರ್ಮ್ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆಯುತ್ತಿದ್ದಳು. ಹಳಿಯ ಡಾಂಬರಿನ ವಾಸನೆ, ಅಜ್ಜಿಯ ಸೆರಗಿನ ಒಗ್ಗರಣೆಯ ವಾಸನೆ. ಗೆದ್ದರೆ ನಾನು ಸ್ವೀಡಿಷ್‌ನಲ್ಲಿ ಕೂಗಾಡಿ ಕುಣಿಯುತ್ತಿದ್ದೆ.

"ಅದೇನೇ ಬೈತಿದೀಯ ನನ್ನ?" ಎಂದು ಅಜ್ಜಿ ನಗುತ್ತಿದ್ದಳು.

ಅವಳು ಇನ್ನೂ ಒಂದು ತಿಂಗಳು ಇರಬೇಕಿತ್ತು. ಅಷ್ಟರಲ್ಲಿ ಅಜ್ಜನನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನ್ ಬಂತು. ಮಾರನೆಯ ದಿನವೇ ವಿಮಾನ. ವಿಮಾನ ನಿಲ್ದಾಣಕ್ಕೆ ಕರೆದೊಯ್ಯಲು ಅಪ್ಪ ಶೋವ್ಡೆಯಲ್ಲಿ ಕಾಯುತ್ತಿದ್ದ. ಅಲ್ಲಿಯವರೆಗೆ ರೈಲಿನಲ್ಲಿ ಬಿಟ್ಟುಬರಲು ಅಮ್ಮ, ಜೊತೆಗೆ ನಾನು. ನನಗೆ ಅಜ್ಜನ ಚಿಂತೆಯೇ ಇರಲಿಲ್ಲ. ಅಜ್ಜಿ ಹೋಗಬಾರದು, ಅಷ್ಟೇ.

ರೈಲು ಬರುವ ಹೊತ್ತಿಗೆ ಸರಿಯಾಗಿ ಒಂದು ಸೀನು ಸೀನಿದೆ. ಬೇಕೆಂದೇ.

"ಅಯ್ಯೋ, ಒಂಟಿ ಸೀನು! ಇನ್ನೊಂದು ಬರುತ್ತಾ ನೋಡೇ ಪುಟ್ಟಿ," ಎಂದಳು ಅಜ್ಜಿ. ಇನ್ನೊಂದು ಬಂದರೆ ಅಪಶಕುನ ಕಳೆಯುತ್ತದೆಂದು ಹೇಳಿಕೊಟ್ಟವಳೂ ಅವಳೇ.

"ಬರ್ತಿಲ್ಲ ಅಜ್ಜಿ."

ಅಜ್ಜಿ ನನ್ನ ಕೈ ಹಿಡಿದು ಗೂಡಿನೊಳಗೆ ಹೋಗಿ ಕೂತೇಬಿಟ್ಟಳು. "ಅತ್ತೆ, ಹೊರಗೆ ನಿಲ್ದೇ ಇದ್ರೆ ಟ್ರೇನ್ ನಿಲ್ಸಲ್ಲ," ಎಂದು ಅಮ್ಮ ಗೋಗರೆದಳು.

"ಎರಡು ಗುಟುಕು ನೀರು ಕುಡಿದು ಏಳ್ತೀನಿ ಕಣಮ್ಮ. ಅವ್ರು ಆಸ್ಪತ್ರೇಲಿ ಮಲಗಿದಾರೆ, ಅಪಶಕುನದಲ್ಲಿ ಹೊರಡೋದು ಬೇಡ."

ಅಮ್ಮ ಗೂಡಿನೊಳಗೆ ಬಂದು ಚೀಲದಲ್ಲಿ ಬಾಟಲಿ ಹುಡುಕುವಷ್ಟರಲ್ಲಿ ರೈಲು ನಿಲ್ಲದೆ ಧಡಧಡನೆ ಹೋಗಿಬಿಟ್ಟಿತು. ಮುಂದಿನ ರೈಲು ಎರಡು ಗಂಟೆ ಬಿಟ್ಟು. ವಿಮಾನ ತಪ್ಪಿತು. ಮರುದಿನದ ವಿಮಾನದಲ್ಲಿ ಅಜ್ಜಿ ದಾರಿಯಲ್ಲಿರುವಾಗಲೇ ಅಜ್ಜ ತೀರಿಕೊಂಡರು.

ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತುಮಕೂರಿಗೆ ಹೋದಾಗಲೆಲ್ಲ ಬಂದವರ ಮುಂದೆ ನನ್ನ ತಲೆ ಸವರಿ, "ಇವಳ ಸೀನು ಸುಳ್ಳಾಗ್ಲಿಲ್ಲ ನೋಡಿ. ಮಗೂಗೆ ಮೊದಲೇ ಗೊತ್ತಾಗಿತ್ತು," ಎನ್ನುತ್ತಿದ್ದಳು. ದೊಡ್ಡವಳಾದ ಮೇಲೆ ನಿಜ ಹೇಳೋಣ ಅಂದುಕೊಂಡೆ. ದೊಡ್ಡವಳಾದೆ, ಹೇಳಲಿಲ್ಲ.

ಈಗ ನಮ್ಮ ನಿಲ್ದಾಣ ಮುಚ್ಚಿದೆ. ಗೂಡನ್ನೂ ಕಿತ್ತಿದ್ದಾರೆ. ಹೋದ ವರ್ಷ ತುಮಕೂರಿನಲ್ಲಿ ಅಜ್ಜಿಗೆ ಆಪರೇಷನ್. ಒಳಗೆ ಕರೆದೊಯ್ಯುವ ಮುಂಚೆ ಫೋನ್ ತರಿಸಿಕೊಂಡು ನನ್ನನ್ನು ಕೇಳಿದ್ದು ಒಂದೇ ಮಾತು: "ಪುಟ್ಟಿ, ಇವತ್ತೇನಾದ್ರೂ ಸೀನು ಬಂತೇನೇ?"

"ಇಲ್ಲ ಅಜ್ಜಿ."

"ಹಾಗಾದ್ರೆ ಭಯ ಇಲ್ಲ ಬಿಡು," ಎಂದು ನಕ್ಕು ಒಳಗೆ ಹೋದಳು. ತಿರುಗಿ ಬರಲಿಲ್ಲ. ನನ್ನನ್ನು ಅಷ್ಟು ನಂಬುವವರು ಈಗ ಯಾರೂ ಇಲ್ಲ.