ಅಕ್ಕೋರು ಮತ್ತೆ ಬೈದ ದಿನ

ಹೋದ ಶನಿವಾರ ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ಬಿದ್ದಿದ್ದ ಹಳೆಯ ಡಬ್ಬಾ ಮಾನಿಟರನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡಿಬಿಡೋಣವೆಂದು ಚಾಲೂ ಮಾಡಿದೆ. ಐದು ನಿಮಿಷಕ್ಕೆ ಒಳಗಿನ ಧೂಳು ಕಾದು ವಾಸನೆ ಎದ್ದಿತು. ಪುಠಾಣಿ ಕಡಲೆಯ ಸಿಪ್ಪೆ ಸೀದಂಥ ವಾಸನೆ. ಜವಾನ ಮೂಗು ಮುಚ್ಚಿಕೊಂಡು ಕಿಟಕಿ ತೆರೆದ. ನಾನು ಮಾತ್ರ ಅಲ್ಲೇ ನಿಂತೆ. ಶಹಾಪುರದಲ್ಲಿ ನನಗೆ ಟೈಪಿಂಗ್ ಕಲಿಸಿದ ಅಕ್ಕೋರ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು…

ಯಾದಗಿರಿ, ಶಹಾಪುರ, ಸುರಪುರದ ಕಚೇರಿಗಳಲ್ಲಿ ಇವತ್ತು ಕುರ್ಚಿ ಹಿಡಿದು ಕೂತ ಗುಮಾಸ್ತರಲ್ಲಿ ಬಹಳ ಮಂದಿ ಅಕ್ಕೋರ ಬೈಗುಳ ತಿಂದು ಟೈಪಿಂಗ್ ಕಲಿತವರು. ನಾನೂ ಅವರಲ್ಲೊಬ್ಬಳು. "ಏ ಹುಡುಗಿ, ಗಂಡನ ಮನಿ ಸಿಟ್ಟು ಬಟನ್ ಮ್ಯಾಲ ತೀರಸಬ್ಯಾಡ" ಎಂದು ನನಗೆ ಗದರಿಸಿದಾಗ ನನ್ನ ಮದುವೆಯೇ ಆಗಿರಲಿಲ್ಲ. ಹಾಗೆಂದು ತಿರುಗಿ ಹೇಳುವ ಧೈರ್ಯ ಯಾರಿಗಿತ್ತು? ಅಕ್ಕೋರ ಬಾಯಿ ಅಂಥದ್ದು. ಅದು ನಿಂತರೆ ಓಣಿಗೇ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು.

ಟೈಪ್‌ರೈಟರ್ ಕಾಲ ಮುಗಿಯುವ ಹೊತ್ತಿಗೆ ಅವರು ಒಂದು ಕಂಪ್ಯೂಟರ್ ತಂದರು. ಓಣಿಗೆ ಬಂದ ಮೊದಲ ಕಂಪ್ಯೂಟರ್ ಅದು. ಪ್ರತಿ ಸೋಮವಾರ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಅದೇ ಒದ್ದೆ ಬೆರಳಿನಿಂದ ಕಂಪ್ಯೂಟರಿನ ಪೆಟ್ಟಿಗೆಯ ಹಣೆಗೂ ಮೂರು ಗೆರೆ ವಿಭೂತಿ ಎಳೆಯುತ್ತಿದ್ದರು. ಒಣಗಿದ ಹಳೆಯ ವಿಭೂತಿಯನ್ನು ಒರೆಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅದರ ಮೇಲೆಯೇ ಹೊಸದು ಬೀಳುತ್ತಿತ್ತು. ಆ ಯಂತ್ರ ಇಪ್ಪತ್ತು ವರ್ಷ ನಡೆಯಿತು. ಆಮೇಲೊಂದು ದಿನ ಕಪ್ಪು ಪರದೆ ತೋರಿಸಿ ಸುಮ್ಮನಾಯಿತು. ಅಕ್ಕೋರು ಹಳೆಯ ಸೀರೆಯ ತುಂಡು ಹೊದಿಸಿ ಅದನ್ನು ಮೂಲೆಯಲ್ಲಿಟ್ಟರು.

ಅದಾಗಿ ಎರಡು ವರ್ಷಕ್ಕೆ ಅಕ್ಕೋರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ನಾಲಿಗೆ ಹೋಯಿತು. ಮದುವೆಯಾಗದೆ ಉಳಿದವರು. ಜೊತೆಗಿದ್ದದ್ದು ಗಂಡ ತೀರಿಕೊಂಡ ತಂಗಿಯೊಬ್ಬರೇ. ಅವರನ್ನು ನಾವು ಸಣ್ಣಕ್ಕ ಎನ್ನುತ್ತಿದ್ದೆವು. ಬುದ್ಧಿಗೇನೂ ಆಗಿಲ್ಲ, ಎಲ್ಲ ತಿಳಿಯುತ್ತದೆ, ಹೇಳಲಿಕ್ಕೆ ಮಾತ್ರ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಸಣ್ಣಕ್ಕ ಪಾಟಿ ಬಳಪ ಕೊಟ್ಟು ನೋಡಿದರು. ಎಡಗೈಯಲ್ಲಿ ಮೂಡಿದ ಸೊಟ್ಟ ಅಕ್ಷರ ನೋಡಿ ಅಕ್ಕೋರು ಪಾಟಿಯನ್ನೇ ಒಗೆದರು. ಮೊಬೈಲ್ ಕೊಟ್ಟರೆ ಅದನ್ನು ಕೌದಿಯ ಕೆಳಗೆ ತುರುಕಿದರು. ಆಮೇಲೆ ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗುವುದೇ ಆಯಿತು. ಕರೆದರೂ ತಿರುಗುತ್ತಿರಲಿಲ್ಲ.

ಆರು ತಿಂಗಳ ಮೇಲೆ ನಾನು ನೋಡಲು ಹೋದೆ. ತಡವಾಗಿ ಹೋದೆ, ಆ ತಪ್ಪು ನನ್ನದೇ. ದೊಡ್ಡ ಜಾಣೆಯ ಹಾಗೆ ಕಚೇರಿಯ ಲ್ಯಾಪ್‌ಟಾಪ್ ಒಯ್ದಿದ್ದೆ. ಅಕ್ಕೋರು ಅದರ ಚಪ್ಪಟೆ ಬಟನ್‌ಗಳ ಮೇಲೆ ಎಡಗೈ ಇಟ್ಟರು. ಕೈ ಸರಕ್ಕನೆ ಜಾರಿ ನಾಲ್ಕು ಬಟನ್ ಒಟ್ಟಿಗೆ ಒತ್ತಿತು. ಲ್ಯಾಪ್‌ಟಾಪನ್ನು ದೂಡಿ ಮೂಲೆಯ ಕಡೆ ಬೆರಳು ತೋರಿಸಿದರು.

"ಅದು ಸತ್ತು ಎರಡು ವರ್ಷದ ಮ್ಯಾಲಾತು ಯವ್ವ," ಎಂದರು ಸಣ್ಣಕ್ಕ.

ಅಕ್ಕೋರು ಬೆರಳು ಇಳಿಸಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಆ ಹಳೆಯ ಕೀಬೋರ್ಡಿನ ಬಟನ್‌ಗಳು ಎತ್ತರ, ಗಟ್ಟಿ. ಕೈ ಊರಿದರೂ ತಾವಾಗಿ ಒತ್ತಿಕೊಳ್ಳುವುದಿಲ್ಲ, ಬೇಕೆಂದು ಒತ್ತಿದರೆ ಮಾತ್ರ ಟಕ್ ಎನ್ನುತ್ತವೆ. ಅದರ ಮೇಲೆ ಅಕ್ಕೋರ ಬೆರಳಿಗೆ ಕಣ್ಣೇ ಬೇಡ. "ನಡೆಸಿಕೊಡುತ್ತೇನೆ" ಎಂದುಬಿಟ್ಟೆ. ಹೇಗೆಂಬುದು ನನಗೇ ಗೊತ್ತಿರಲಿಲ್ಲ.

ತೆರೆದು ನೋಡಿದರೆ ಯಂತ್ರಕ್ಕೆ ಜೀವವಿತ್ತು. ಒಳಗಿನ ಹಳೆಯ ತಂತ್ರಾಂಶ ಮಾತ್ರ ಕೊಳೆತುಹೋಗಿತ್ತು. ಅದನ್ನೇ ಮತ್ತೆ ಹಾಕೋಣವೆಂದರೆ ಸಿ.ಡಿ.ಯ ಬೆಳ್ಳಿಯೆಲ್ಲ ಸಿಪ್ಪೆ ಎದ್ದಿತ್ತು. ಈಗಿನ ಕಾಲದ ದೊಡ್ಡ ತಂತ್ರಾಂಶಗಳು ಇಂಥ ಮುದಿ ಯಂತ್ರವನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಉಳಿದದ್ದು ಲಿನಕ್ಸ್ ಎಂಬ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು, ಬಿಚ್ಚಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದದ್ದು. ಹಳೆಯ ಯಂತ್ರಗಳಿಗೆಂದೇ ಹಗುರಾಗಿ ಮಾಡಿದ, ಆ ವರ್ಷವೇ ಹೊರಬಂದ ಒಂದು ಆವೃತ್ತಿ ಸಿಕ್ಕಿತು. ಅದನ್ನು ಸಿ.ಡಿ.ಗೆ ಇಳಿಸಿಕೊಂಡೆ. ಆದರೆ ಅಕ್ಕೋರ ಸಿ.ಡಿ. ಡ್ರೈವು ಬಾಯಿಯನ್ನೇ ತೆರೆಯಲಿಲ್ಲ. ಪೆನ್‌ಡ್ರೈವ್ ಎಂದರೇನೆಂದು ಆ ಯಂತ್ರಕ್ಕೆ ಗೊತ್ತಿರಲಿಲ್ಲ.

ಸುರಪುರದಲ್ಲಿ ಒಬ್ಬ ತನ್ನ ಸೈಬರ್ ಕೆಫೆ ಮುಚ್ಚಿ ಮೊಬೈಲ್ ಅಂಗಡಿ ಇಟ್ಟಿದ್ದ. ಅವನ ಅಟ್ಟದ ಮೇಲೆ ಹಳೆಯ ಸಿ.ಡಿ. ಡ್ರೈವ್ ಇತ್ತು. ಸಂಗತಿ ಕೇಳಿ ನಕ್ಕ. "ಮುದಿ ಎತ್ತಿಗೆ ಗೊಂಡೆ ಕಟ್ಟಾಕ ಹೊಂಟೀರಲ್ರಿ ಮೇಡಂ! ಹೊಸಾದು ತಗೋಬಾರದೇನ್ರಿ?" ಎಂದ. ಯಾರಿಗೆ ಎಂದು ಹೇಳಿದೆ. ನಗು ನಿಂತಿತು. "ನಾನೂ ಅಲ್ಲೇ ಕಲ್ತಾಂವರಿ," ಎಂದು ಅಟ್ಟ ಹತ್ತಿದ.

ಮುಂದಿನ ರವಿವಾರ ಬೆಳಿಗ್ಗೆ ಆ ಡ್ರೈವ್ ಜೋಡಿಸಿ ಕೆಲಸಕ್ಕೆ ಕೂತೆ. ಅಕ್ಕೋರನ್ನು ದಿಂಬು ಕೊಟ್ಟು ಕುರ್ಚಿಯಲ್ಲಿ ಕೂಡಿಸಿದ್ದೆವು. ಲಿನಕ್ಸ್ ಎಷ್ಟು ಇಳಿಯಿತೆಂದು ತೋರಿಸುವ ನೀಲಿ ಪಟ್ಟಿ ಪರದೆಯ ಮೇಲೆ ಇರುವೆಯ ಹಾಗೆ ಸರಿಯಿತು. ಅರ್ಧ ದಾಟಿತು, ಮುಕ್ಕಾಲಿಗೆ ಬಂತು… ಅಲ್ಲಿ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಮೊದಲಿಂದ ಹಚ್ಚಿದೆ. ಮತ್ತೆ ಮುಕ್ಕಾಲಿಗೆ ನಿಂತಿತು. ಮೂರನೆಯ ಸಲವೂ ಹಾಗೇ ಆದಾಗ ಸಿ.ಡಿ.ಗೆ, ಸುರಪುರದವನಿಗೆ, ವಿದ್ಯುತ್ತಿಗೆ ಎಲ್ಲರಿಗೂ ಮನಸ್ಸಿನಲ್ಲೇ ಬೈದೆ. ಅಕ್ಕೋರ ಕಡೆ ನೋಡಲು ಮುಖವಿರಲಿಲ್ಲ.

ಸೋತು ಇನ್ನೊಮ್ಮೆ ಚಾಲೂ ಮಾಡಿದಾಗ ಅಕ್ಕೋರು ಎಡಗೈಯಿಂದ ಮೇಜು ಬಡಿದರು. ಎರಡು ಬೆರಳು ತೋರಿಸಿದರು.

"ಎರಡು ಚಾ ಮಾಡಂತಾಳ," ಎಂದು ಸಣ್ಣಕ್ಕ ಒಳಗೆ ಹೋದರು.

ಚಹಾ ಬಂತು. ಅಕ್ಕೋರು ತಲೆ ಅಲ್ಲಾಡಿಸಿ ಮತ್ತೆ ಬಡಿದರು, ಮತ್ತೆ ಎರಡು ಬೆರಳು. ಈ ಸಲ ಪರದೆಯ ಮೂಲೆಯನ್ನು ತೋರಿಸಿದರು. ಯಂತ್ರ ಏಳುವಾಗ ತನ್ನ ಮೆಮೊರಿಯನ್ನು ಎಣಿಸಿ ಅಲ್ಲೊಂದು ಅಂಕಿ ಹಾಕುತ್ತದೆ. ನಾನು ಅದರ ಕಡೆ ನೋಡಿಯೇ ಇರಲಿಲ್ಲ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಅದನ್ನು ನೋಡಿದ ಅಕ್ಕೋರಿಗೆ ಅಂಕಿ ಅರ್ಧಕ್ಕೇ ನಿಲ್ಲುತ್ತಿದೆ ಎಂದು ಕಂಡಿತ್ತು. ಒಳಗಿರುವ ಮೆಮೊರಿ ಪಟ್ಟಿ ಎರಡು, ಎಣಿಕೆಗೆ ಬಂದದ್ದು ಒಂದೇ. ಅದು ಸಾಲದೆ ಕೆಲಸ ಮುಕ್ಕಾಲಿಗೆ ನಿಲ್ಲುತ್ತಿತ್ತು. ಬಾಯಿ ಹೋದರೂ ಅವರು ಮೇಷ್ಟ್ರಾಗಿಯೇ ಉಳಿದಿದ್ದರು, ನಾನು ದಡ್ಡ ವಿದ್ಯಾರ್ಥಿಯಾಗಿ.

ಪೆಟ್ಟಿಗೆ ಬಿಚ್ಚಿ ಎರಡನೆಯ ಪಟ್ಟಿಯನ್ನು ಕಿತ್ತೆ. ಅದು ಕೂರುವ ಸಂದಿಯ ತುಂಬ ಬೆಳ್ಳಗಿನ ಪುಡಿ. ಧೂಳೆಂದುಕೊಂಡೆ, ಮೂಸಿ ನೋಡಿದೆ. ವಿಭೂತಿ! ಇಪ್ಪತ್ತು ವರ್ಷದ ಸೋಮವಾರಗಳೆಲ್ಲ ಸೀಳುಗಳಿಂದ ಉದುರಿ ಅಲ್ಲಿ ಬಂದು ಕೂತಿದ್ದವು. ಶಿವ ಎಲ್ಲೆಲ್ಲೂ ಇದ್ದಾನೆಂದು ಕೇಳಿದ್ದೆ, ಮೆಮೊರಿಯ ಸಂದಿಯಲ್ಲೂ ಇರುತ್ತಾನೆಂದು ಗೊತ್ತಿರಲಿಲ್ಲ. ಬ್ರಷ್ ಹಿಡಿದೆ.

ಸಣ್ಣಕ್ಕ ನನ್ನ ಕೈ ಹಿಡಿದರು. "ಇಬತ್ತಿ ಒರಸ್ತಾರೇನ ಯವ್ವ? ಮೊದಲ ಮನಿಗೆ ಇಂಥಾ ಕಾಲ ಬಂದೈತಿ. ಬ್ಯಾಡ, ಬ್ಯಾಡ…"

ನಾನು ಕೈ ಹಿಂದೆ ತೆಗೆದೆ. ಆಗ ಅಕ್ಕೋರು ಬ್ರಷ್ ಕೊಡೆಂದು ಕೈ ಚಾಚಿದರು. ತಾವೇ, ಎಡಗೈಯಿಂದ, ನಿಧಾನವಾಗಿ ಆ ಪುಡಿಯನ್ನೆಲ್ಲ ಕೆರೆದು ಒಂದು ಕಾಗದದ ಮೇಲೆ ಬೀಳಿಸಿಕೊಂಡರು. ಮೂರು ಬೆರಳು ಅದರಲ್ಲಿ ಅದ್ದಿ ತಮ್ಮ ಹಣೆಗೆ ಎಳೆದುಕೊಂಡರು. ಆಮೇಲೆ ತಂಗಿಯ ಹಣೆಗೆ. ಉಳಿದದ್ದು ನನಗೆ. ನಾನು ಪಟ್ಟಿಯ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸಿದೆ.

ಈ ಸಲ ಯಂತ್ರ ಪೂರ್ತಿ ಎಣಿಸಿತು. ನೀಲಿ ಪಟ್ಟಿ ಮುಕ್ಕಾಲು ದಾಟಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ಡಬ್ಬಾ ಪರದೆಯ ಮೇಲೆ ಹೊಚ್ಚ ಹೊಸ ಲಿನಕ್ಸ್ ಕಣ್ಣು ಬಿಟ್ಟಿತು. ನಾನು ಕುಣಿದೆ. ನಿಜವಾಗಿ ಎದ್ದು ಕುಣಿದೆ, ನಲವತ್ತು ದಾಟಿದ ಹೆಂಗಸು!

ಕನ್ನಡ ಟೈಪ್‌ರೈಟರಿನ ಕೀಲಿಮಣೆಯ ವಿನ್ಯಾಸ ಅದರಲ್ಲೇ ಇತ್ತು. ನಾಲ್ಕು ಅಕ್ಷರ ಮಾತ್ರ ಅಕ್ಕೋರು ಕಲಿಸಿದ ಜಾಗದಲ್ಲಿ ಇರಲಿಲ್ಲ. ಆ ವಿನ್ಯಾಸದ ಕಡತ ಬಿಚ್ಚಿ ನಾಲ್ಕನ್ನೂ ಅವರ ಲೆಕ್ಕಕ್ಕೆ ತಿದ್ದಿದೆ. ಒಂದೇ ಕೈಯವರಿಗಾಗಿ ಶಿಫ್ಟ್ ಬಟನ್ ಒತ್ತಿ ಬಿಟ್ಟರೂ ಹಿಡಿದಂತೆಯೇ ಇರುವ ಏರ್ಪಾಟೂ ಅದರಲ್ಲಿತ್ತು. ಅದನ್ನೂ ಹಚ್ಚಿದೆ. ಅಕ್ಷರ ದೊಡ್ಡದು ಮಾಡಿ ಕುರ್ಚಿ ಹತ್ತಿರ ಸರಿಸಿದೆ.

ಅಕ್ಕೋರು ಕೀಬೋರ್ಡಿನ ಮೇಲೆ ಎಡಗೈ ಊರಿದರು. ಆಮೇಲೆ ಟಕ್… ಟಕ್… ಟಕ್. ಜೀವಮಾನವೆಲ್ಲ ಅರ್ಜಿಯ ಕನ್ನಡ ಟೈಪು ಮಾಡಿದವರು. ಆದರೆ ಪರದೆಯ ಮೇಲೆ ಮೂಡಿದ್ದು ಮನೆಯ ಮಾತು:

"ಚಾದಾಗ ಸಕ್ರಿ ಯಾಕ ಇಷ್ಟ ಸುರೀತಿ? ಆರು ತಿಂಗಳಾತು, ಕುಡದು ಕುಡದು ಬಾಯಿ ಕೆಟ್ಟೈತಿ."

ಸಣ್ಣಕ್ಕ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮುಖಕ್ಕೆ ಸೆರಗು ಹಿಡಿದು ಅಲ್ಲೇ ಕುಸಿದು ಕೂತರು. ಮರುಕ್ಷಣ ಎದ್ದು ಬಾಗಿಲಿಗೆ ಓಡಿದರು. "ಬೈದಾಳ! ನಮ್ಮಕ್ಕ ಬೈದಾಳ, ಬರ್ರೇ ಯವ್ವ, ನೋಡ ಬರ್ರಿ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ನೆರೆಮನೆಯ ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದರು. ಅಕ್ಕೋರು ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಾಲು ಬೈದರು. ಬೈಸಿಕೊಂಡವರೆಲ್ಲ ಬಹುಮಾನ ಬಂದವರಂತೆ ನಕ್ಕರು.

ಅದಾದ ಮೇಲೆ ಅಕ್ಕೋರು ನಾಲ್ಕು ವರ್ಷ ಮಾತಾಡಿದರು. ಮಾತಾಡಿದರು ಎಂದೇ ಹೇಳುತ್ತೇನೆ. ಗೋಡೆ ಕಡೆ ತಿರುಗಿ ಮಲಗಿದ್ದನ್ನು ಮತ್ತೆ ನಾನು ನೋಡಲಿಲ್ಲ. ಹೋದ ವರ್ಷ ಎರಡನೆಯ ಸಲ ಹೊಡೆತ ಬಂತು. ಯಾದಗಿರಿಯಿಂದ ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಚೇರಿಯಲ್ಲಿ ಆ ವಾಸನೆ ಬಂದ ಮರುದಿನ, ರವಿವಾರ, ಶಹಾಪುರದ ಬಸ್ ಹತ್ತಿದೆ. ಸಣ್ಣಕ್ಕ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಅಕ್ಕ ಹೋದ ಮೇಲೆ ಯಂತ್ರ ಮುಟ್ಟಿಲ್ಲವಂತೆ. "ಚಾಲೂ ಮಾಡ ಯವ್ವ," ಎಂದರು. "ಅಕಿ ಏನೇನ್ ಅಂದಾಳ, ಒಂದೀಟು ಓದು. ನನಗ ಚಾಳೀಸ ಇಲ್ಲದ ಕಾಣಂಗಿಲ್ಲ."

ನಾಲ್ಕು ವರ್ಷದ ಮಾತೆಲ್ಲ ಒಂದೇ ಕಡತದಲ್ಲಿತ್ತು. ನಮಗಾಗಿ ಏನಾದರೂ ಒಳ್ಳೆಯ ಮಾತು ಬರೆದಿಟ್ಟಿರಬಹುದೆಂಬ ಆಸೆಯಿಂದ ಹುಡುಕಿದೆ. ಒಂದು ಹಾರೈಕೆ ಇಲ್ಲ, ಒಂದು ವಿದಾಯ ಇಲ್ಲ. ಪಲ್ಯಕ್ಕೆ ಉಪ್ಪಿಲ್ಲ, ಬಾಗಿಲು ಹಾಕು, ಆ ಹುಡುಗಿಗೆ ಉಂಡು ಹೋಗಂತ ಹೇಳು… ಪುಟ ಪುಟ ಇದೇ. ಸಣ್ಣಕ್ಕ ಅಕ್ಕಿ ಆರಿಸುತ್ತ ಒಂದೊಂದಕ್ಕೂ "ಹೂಂ… ಹೂಂ…" ಎನ್ನುತ್ತಿದ್ದರು. ಕೊನೆಗೆ ಒಂದೇ ಸಾಲು ಉಳಿಯಿತು. ಅದನ್ನೂ ಓದಿದೆ.

"ಒಲಿ ಮ್ಯಾಲ ಹಾಲೈತಿ, ಉಕ್ಕೀತು, ನೋಡು."

ಸಣ್ಣಕ್ಕ ಮೊರ ಕೆಳಗಿಟ್ಟು, ಗಡಬಡಿಸಿ ಎದ್ದು ಅಡುಗೆಮನೆಗೆ ಹೋದರು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ.