ಕೇಳದೆ ಹೊಡೆದವರು

"ಸರ್, ಹೊಡೀಲೇನ್ರಿ?"

ನಮ್ಮ ಶಾಲೆಯ ಪೀಟಿ ಮಾಸ್ತರು ಸಂಗಪ್ಪನವರು ಮುಖಕ್ಕೆ ಕಪ್ಪು ಮಾಸ್ಕ್ ಹಾಕಿಕೊಂಡು, ಹೆಡ್‌ಮಾಸ್ತರರಿಗೆ ಬಂದೂಕು ಗುರಿಯಿಟ್ಟು ಹೀಗೆ ಕೇಳಿದಾಗ ನಾನು ಪಕ್ಕದ ಮೇವಿನ ಬಣವೆಯ ಹಿಂದೆ ಮುದುಡಿ ಕುಳಿತಿದ್ದೆ. ಹೆಡ್‌ಮಾಸ್ತರರು ಒಂದು ಕ್ಷಣ ಯೋಚಿಸಿದರು. "ಹೊಡಿಪಾ. ಹೊಟ್ಟಿಗಿ ಬ್ಯಾಡ, ತೊಡಿಗಿ ಹೊಡಿ" ಎಂದರು. ಟಪ್ ಎಂದಿತು. ಅವರ ಪ್ಯಾಂಟಿನ ಮೇಲೆ ಹಳದಿ ಬಣ್ಣ ಒಡೆದು ಹರಡಿತು. "ತಪ್ಪು ತಿಳ್ಕೋಬ್ಯಾಡ್ರಿ ಸರ್" ಎಂದು ಸಂಗಪ್ಪನವರು ಬಂದೂಕು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದರು. ಹೆಡ್‌ಮಾಸ್ತರರು ಒಂದು ಕೈ ಮೇಲೆತ್ತಿಕೊಂಡು ಗಂಭೀರವಾಗಿ ಮೈದಾನದಿಂದ ಹೊರಗೆ ನಡೆದುಹೋದರು.

ಕುಂದಾಪುರದಿಂದ ಬಸವನ ಬಾಗೇವಾಡಿ ಸೀಮೆಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದು ನನಗೆ ಹನ್ನೊಂದು ತಿಂಗಳಾಗಿತ್ತು. ಇಲ್ಲಿ ನಾನು ಟೀಚರಲ್ಲ, 'ಅಕ್ಕಾರು'. ಹೆಣ್ಣು ಮೇಷ್ಟ್ರುಗಳನ್ನೆಲ್ಲ ಇಲ್ಲಿ ಹಾಗೇ ಕರೆಯುತ್ತಾರೆ. ಮೊದಲ ದಿನ ಅದನ್ನು ಕೇಳಿದಾಗ ಇಷ್ಟು ಬೇಗ ಅಕ್ಕ ಮಾಡಿಕೊಂಡರೆ ಏನೋ ಕೆಲಸ ಆಗಬೇಕಿದೆ ಎಂದೇ ಲೆಕ್ಕ ಹಾಕಿದ್ದೆ. ನನ್ನ ಸ್ವಭಾವ ಊರಿನವರಾದ ನಿಮಗೆ ಗೊತ್ತು. ಮೀನು ಮಾರುವವಳು ಒಂದು ಬಂಗುಡೆ ಹೆಚ್ಚು ಹಾಕಿದರೆ ಕಿವಿರು ಬಿಡಿಸಿ ನೋಡುವವಳು ನಾನು.

ಇಲ್ಲಂತೂ ಅನುಮಾನಕ್ಕೆ ಬಿಡುವೇ ಇರಲಿಲ್ಲ. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕ ಕುಳಿತ ಹೆಂಗಸು ಐದೇ ನಿಮಿಷದಲ್ಲಿ ನನ್ನ ಊರು, ಪಗಾರ, ಮದುವೆ ಆಗದ ಕಾರಣ ಎಲ್ಲ ಕೇಳಿ, ಕೊನೆಗೆ ಚೀಲದಿಂದ ಶೇಂಗಾ ತೆಗೆದು ಮಡಿಲಿಗೆ ಸುರಿದಳು. ನಾನು ಅವಳು ತಿನ್ನುವವರೆಗೆ ಕಾದು ಆಮೇಲೆ ತಿಂದೆ. ನಮ್ಮಲ್ಲಿ ಜನ ಮೆತ್ತಗೆ ಮಾತಾಡಿ ದೂರ ಇಡುತ್ತಾರೆ. ಇಲ್ಲಿ ಜಗಳಕ್ಕೆ ಬಂದವರ ಹಾಗೆ ಕೂಗಿ ಊಟಕ್ಕೆ ಕರೆಯುತ್ತಾರೆ. ಕಡಲಿನ ಸದ್ದಿಲ್ಲದೆ ನಿದ್ದೆ ಬಾರದ ನನಗೆ ಮೊದಮೊದಲು ಈ ಕೂಗೂ ಒಂದು ಕಿರುಕುಳವೇ ಆಗಿತ್ತು.

ಶಾಲೆಗೆ ಹತ್ತಿರದ ನಿಡಗುಂದಿಯಲ್ಲಿ ನನಗೆ ಮನೆ ಹುಡುಕಿಕೊಟ್ಟವರು ಶೋಭಾ ಕುಲಕರ್ಣಿ, ನಮ್ಮ ಶಾಲೆಯ ಗಣಿತದ ಅಕ್ಕಾರು. ಅತ್ತೆಯ ಹತ್ತಿರ ಮರಾಠಿ, ಮಕ್ಕಳ ಹತ್ತಿರ ಕನ್ನಡ, ನನ್ನ ಹತ್ತಿರ ಬರೀ ಗದರಿಕೆ. ತವರೂರಾದ ಇಂಡಿಯಿಂದ ಬಂದ ನಿಂಬೆಹಣ್ಣಿನ ಉಪ್ಪಿನಕಾಯಿಯನ್ನು ನನ್ನ ಅಡುಗೆಮನೆಗೆ ತಂದಿಟ್ಟು, ಬೇಕೋ ಬೇಡವೋ ಎಂದು ಕೇಳದೆ ಹೋಗಿಬಿಡುತ್ತಿದ್ದರು. ತಮ್ಮ ಸಂಜೆಯ ವಿಶೇಷ ತರಗತಿಗಳನ್ನು ಎಂದಾದರೂ ಒಂದು ದಿನ ನನ್ನ ತಲೆಗೆ ಕಟ್ಟುತ್ತಾರೆ ಎಂದು ನಾನು ಕಾಯುತ್ತಲೇ ಇದ್ದೆ. ಅವರು ಕಟ್ಟಲಿಲ್ಲ. ಅದರಿಂದ ನನ್ನ ಅನುಮಾನ ಇನ್ನಷ್ಟು ಬಲವಾಯಿತು.

ಇಷ್ಟರಲ್ಲಿ ವರ್ಗಾವಣೆಗೆ ಅರ್ಜಿ ಕರೆದರು. ನಾನು ಯಾರಿಗೂ ಹೇಳದೆ ಊರ ಕಡೆಗೆ ಅರ್ಜಿ ಹಾಕಿಬಿಟ್ಟೆ. ಮನಸ್ಸು ಬದಲಾದರೆ ಹಿಂದಕ್ಕೆ ಪಡೆಯಲು ತಿಂಗಳ ಕೊನೆಯವರೆಗೆ ಅವಕಾಶವಿತ್ತು. ಬದಲಾಗುವ ಮಾತೇ ಇಲ್ಲ ಎಂದುಕೊಂಡಿದ್ದೆ. ಆದರೆ ಮರುವಾರ ನಾನು ಸ್ಟಾಫ್‌ರೂಮಿಗೆ ಕಾಲಿಟ್ಟ ಕೂಡಲೇ ಎಲ್ಲರ ಮಾತು ನಿಂತಿತು. ಅರ್ಜಿಯ ವಿಷಯ ಗೊತ್ತಾಗಿದೆ ಎಂದು ನನಗೆ ಖಾತ್ರಿಯಾಯಿತು. ಅದೇ ದಿನ ಸಂಗಪ್ಪನವರು, "ರವಿವಾರ ಎಲ್ಲಾರೂ ಪೇಂಟ್‌ಬಾಲ್ ಆಡಾಕ ಹೋಗೂಣ್ರಿ. ಅಕ್ಕಾರ, ನೀವು ಬರಾಕs ಬೇಕು" ಎಂದರು. ಬಿಟ್ಟು ಹೋಗುವವಳಿಗೆ ಬಣ್ಣ ಬಳಿದು ಸೇಡು ತೀರಿಸಿಕೊಳ್ಳುವ ಉಪಾಯ ಎಂದೇ ತಿಳಿದೆ. ಹೆದರಿದಳು ಅನ್ನಿಸಿಕೊಳ್ಳಬಾರದೆಂದು ಒಪ್ಪಿದೆ.

ಹೈವೇ ಪಕ್ಕದ ಆ ಮೈದಾನ ಬೀರಪ್ಪ ಎಂಬವರದು. ಅವರ ಮನೆತನ ಕುರಿ ಕಾಯ್ದುಕೊಂಡು ಬಂದದ್ದು. ಹತ್ತಿರದ ಅಣೆಕಟ್ಟು ನೋಡಲು ಬರುವ ಜನರಿಗೆಂದು, ಹಿಂದೆ ಕುರಿ ಮೇಯುತ್ತಿದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರ್ ಟೈರು, ಡ್ರಮ್ಮು, ಮರಳಿನ ಚೀಲ, ಜೋಳದ ಒಣದಂಟಿನ, ಅಂದರೆ ಕಣಿಕೆಯ, ಬಣವೆಗಳನ್ನು ಅಡ್ಡ ಇಟ್ಟು ಆಟ ನಡೆಸುತ್ತಾರೆ. ಗಾಳಿಯ ಒತ್ತಡದ ಬಂದೂಕು, ಗೋಲಿಯಂಥ ಬಣ್ಣದ ಉಂಡೆ. ಮೈಗೆ ಬಡಿದು ಒಡೆದರೆ ನೀವು ಔಟ್.

ಹೊಸಬರಾದ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೀರಪ್ಪನವರು ಪಾಠ ಹೇಳಿದರು. "ಒಳಗ ಇರೂತನಕ ಏನ ಆದ್ರೂ ಮಾಸ್ಕ್ ತಗೀಬ್ಯಾಡ್ರಿ, ಕಣ್ಣು ಹೋಗ್ತಾವ. ಹೊಡಿಯೂ ತನಕ ಟ್ರಿಗರ್ ಮ್ಯಾಲ ಬೆರಳ ಇಡಬ್ಯಾಡ್ರಿ. ಭಾಳ ಹತ್ರದಿಂದ ಹೊಡಿಬ್ಯಾಡ್ರಿ. ಬಣ್ಣ ಬಿದ್ರ ನೀವs ಕೈ ಎತ್ತಿ ಹೊರಗ ಬರ್ರಿ. ಒರಸ್ಕೊಂಡು ಆಡಿದ್ರ ಅದು ಕಳ್ಳಾಟ."

ಶೋಭಾ ಒಂದು ಉಂಡೆಯನ್ನು ಮೂಸಿ ನೋಡಿದರು. "ಇದರೊಳಗ ಏನ್ ಹಾಕ್ಯಾರ್ರಿ?"

"ಖರೇ ಹೇಳ್ಬೇಕಂದ್ರ ನನಗೂ ಗೊತ್ತಿಲ್ರಿ ಬಾಯಾರ" ಎಂದರು ಬೀರಪ್ಪ; ಇಲ್ಲಿ ಅಮ್ಮಾವ್ರಿಗೆ ಬಾಯಾರು ಎನ್ನುತ್ತಾರೆ. "ಬಾಯಿಗೆ ಹೋದ್ರ ಉಗುಳಿಬಿಡ್ರಿ."

"ಹೋಗ್ಲಿ, ಮೈಲಿಗಿ ಆದ್ರ ಮನೀಗೆ ಹೋಗಿ ತಲಿಮ್ಯಾಲ ನೀರ ಹಾಕ್ಕೊಂಡ್ರಾತು" ಎಂದು ಶೋಭಾ ಬಂದೂಕು ಎತ್ತಿಕೊಂಡು ಎದುರು ತಂಡಕ್ಕೆ ಹೋದರು.

ನಾನು ಬಣವೆಯ ಹಿಂದೆ ಕುಳಿತು ಎಲ್ಲರ ಕೈಗಳನ್ನೇ ನೋಡುತ್ತಿದ್ದೆ, ಯಾರು ಒರೆಸಿಕೊಳ್ಳುತ್ತಾರೆ ಎಂದು. ಯಾರೂ ಒರೆಸಿಕೊಳ್ಳಲಿಲ್ಲ. ಎಲ್ಲರೂ "ಹೊಡೀಲೇನ್ರಿ?" ಎಂದು ಕೇಳಿ ಹೊಡೆದರು, ಹೊಡೆಸಿಕೊಂಡವರು ಕೈ ಎತ್ತಿ ಹೋದರು. ನನ್ನ ಹತ್ತಿರ ಬಂದವರು ಮಾತ್ರ ಬಂದೂಕು ಕೆಳಗಿಳಿಸಿ, "ಅಕ್ಕಾರ, ನೀವಾ? ಇರ್ಲಿ ಬಿಡ್ರಿ" ಎಂದು ಬೇರೆ ಕಡೆ ಹೋಗುತ್ತಿದ್ದರು. ಎರಡು ಬಾರಿ ಹೀಗಾದ ಮೇಲೆ ನನಗೆ ಅಳು ಬರುವಂತಾಯಿತು. ಸೇಡಿಗೂ ನಾನು ಬೇಡವಾದೆನೇ? ದೂರದಿಂದ ಬಂದವಳು, ದೂರ ಹೋಗುವವಳು, ಇವಳಿಗೆ ಯಾಕೆ ಬಣ್ಣ ಎಂದೇ?

ಆಗ ಬೆನ್ನಿಗೆ ಯಾರೋ ಜೋರಾಗಿ ಬಾರಿಸಿದಂತಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ. ಕೈ ಹಿಂದೆ ಹಾಕಿದೆ, ಬೆರಳಿಗೆ ಕೇಸರಿ ಬಣ್ಣ ಹತ್ತಿತು. ಬಣ್ಣ ಬಿದ್ದ ಮೇಲೆ ಈಗ ಆಟದ ರುಚಿ ಹತ್ತಿತ್ತು, ಹೊರಗೆ ಹೋಗುವ ಮನಸ್ಸಿರಲಿಲ್ಲ. ಸುತ್ತ ನೋಡಿ, ಒಂದು ಹಿಡಿ ಕಣಿಕೆ ಕಿತ್ತು ಬೆನ್ನನ್ನು ಒರೆಸಿಕೊಂಡೆ. ಹನ್ನೊಂದು ತಿಂಗಳು ಒಂದು ಊರನ್ನೇ ಕಳ್ಳರೆಂದು ಕಾವಲು ಕಾದವಳು ಕಳ್ಳಾಟ ಆಡಿದೆ. ಆಮೇಲೆ ಓಡಿದೆ, ಕೂಗಿದೆ, ಸಂಗಪ್ಪನವರನ್ನೂ ಸೇರಿಸಿ ಮೂವರನ್ನು ಹೊಡೆದೆ, ಕೇಳದೆಯೇ. ನಮ್ಮ ತಂಡ ಗೆದ್ದಿತು.

ಹೊರಗೆ ಚಹಾ, ಮಿರ್ಚಿ ಭಜಿ ತಯಾರಿತ್ತು. ಬಾಡಿಗೆಯ ಜಾಕೆಟ್ ಬಿಚ್ಚಿದಾಗ ಎಲ್ಲರೂ ಗೊಳ್ಳೆಂದು ನಕ್ಕರು. ಅದರ ಬೆನ್ನಿನ ಮೇಲೆ ಅಂಗೈಯಗಲದ ಕೇಸರಿ, ಅದಕ್ಕೆ ಅಂಟಿದ ಕಣಿಕೆಯ ಚೂರುಗಳು. ಆಟದುದ್ದಕ್ಕೂ ಎಲ್ಲರೂ ನೋಡಿದ್ದಾರೆ! ನಾಚಿಕೆಯಿಂದ ಕಿವಿ ಬಿಸಿಯಾಗಿ, ನಾನೇ ಜಗಳಕ್ಕೆ ನಿಂತೆ. "ನೋಡಿದ್ಮೇಲೆ ಹೇಳ್ಬಹುದಿತ್ತಲ್ಲ?"

"ನಾ ಸೀಟಿ ಊದಾಂವ ಇದ್ದೆರಿ" ಎಂದರು ಬೀರಪ್ಪ. "ಈ ಬಾಯಾರs ಬ್ಯಾಡ ಅಂತ ಕೈಸನ್ನಿ ಮಾಡಿದ್ರು."

ಶೋಭಾ ಭಜಿ ಮುರಿಯುತ್ತಾ ಹೇಳಿದರು: "ಹೇಳಿದ್ರ ನೀವು ಹೊರಗ ಹೋಗ್ಬೇಕಾಗತಿತ್ತು. ಅರ್ಜಿ ವಿಷಯಾನೂ ಅದಕ್ಕs ಯಾರೂ ಬಾಯಿ ಬಿಟ್ಟಿಲ್ಲ. ಕಂಡದ್ದು ಹೇಳಿದ್ರ ನೀವು ಹೋದಂಗs ಅಂತ."

ನಾನು ಚಹಾದ ಲೋಟ ಕೆಳಗಿಟ್ಟೆ. "ಹೊಡ್ದದ್ದು ಯಾರು?" ಎಂದೆ.

"ನಾನs" ಎಂದರು ಶೋಭಾ.

"ಎಲ್ಲರನ್ನೂ ಕೇಳಿ ಹೊಡೆದ್ರಿ. ನನ್ನನ್ನು ಮಾತ್ರ ಯಾಕೆ ಕೇಳ್ಲಿಲ್ಲ?"

"ದೊಡ್ಡವ್ರನ್ನ ಕೇಳಬೇಕ್ರಿ, ಹೊರಗಿನವ್ರನ್ನ ಕೇಳಬೇಕು" ಎಂದು ಶೋಭಾ ನನ್ನನ್ನು ವಿಚಿತ್ರವಾಗಿ ನೋಡಿದರು. "ನಿಮ್ಮನ್ನೇನ್ ಕೇಳೂದು?"

ಮರುವಾರ ರಜೆಯಲ್ಲಿ ಕುಂದಾಪುರಕ್ಕೆ ಹೋದೆ. ಅಲೆಯ ಸದ್ದಿಗೆ ಮಗುವಿನ ಹಾಗೆ ನಿದ್ದೆ ಬಂತು. ಬೆಳಿಗ್ಗೆ ಅತ್ತಿಗೆ ನನ್ನನ್ನು ಬಹಳ ಪ್ರೀತಿಯಿಂದ ಕೇಳಿದಳು, ಚಹಾ ಮಾಡಲೋ ಕಾಫಿಯೋ ಎಂದು. ಆ ಮನೆಯಲ್ಲಿ ನನ್ನನ್ನು ಹಿಂದೆ ಯಾರೂ ಹಾಗೆ ಕೇಳಿರಲಿಲ್ಲ, ಲೋಟ ತಂದು ಕುಕ್ಕುತ್ತಿದ್ದರು. ನನ್ನ ಕೋಣೆಯಲ್ಲಿ ಅಣ್ಣನ ಮಗಳ ಪುಸ್ತಕಗಳಿದ್ದವು. "ಇಲ್ಲೇ ಇರ್ಲಿಯಾ, ತೆಗಿಯೂದಾ?" ಎಂದು ಆ ಹುಡುಗಿಯೂ ಕೇಳಿದಳು. ನಾನು ನಗುತ್ತಾ ಇರಲಿ ಎಂದೆ, ನನ್ನ ಚೀಲವನ್ನು ಮೂಲೆಗೆ ಸರಿಸಿದೆ.

ನಿಡಗುಂದಿಗೆ ಮರಳಿದ್ದೇನೆ, ತಿಂಗಳ ಕೊನೆಗೆ ಇನ್ನು ಮೂರು ದಿನವಿದೆ. ಅರ್ಜಿಯನ್ನು ಹಿಂದಕ್ಕೆ ಪಡೆದಿಲ್ಲ. ನನ್ನನ್ನು ಇಲ್ಲೇ ಇರಿಸಿಕೊಳ್ಳಲು ಶೋಭಾ ಹೂಡಿದ ಆಟವಿರಬಹುದೇ ಇದು ಎಂಬ ಅನುಮಾನವೂ ಪೂರ್ತಿ ಹೋಗಿಲ್ಲ, ಆ ಸಂಜೆಯ ತರಗತಿಗಳು ಇನ್ನೂ ಬಾಕಿ ಇವೆ. ಇದನ್ನು ಬರೆಯುತ್ತಿರುವಾಗಲೇ ಅವರು ಬಾಗಿಲು ತಟ್ಟದೆ ಒಳಗೆ ಬಂದು, ಖಾಲಿಯಾದ ಉಪ್ಪಿನಕಾಯಿ ಭರಣಿ ಎತ್ತಿಕೊಂಡು, ತುಂಬಿದ್ದನ್ನು ಇಟ್ಟು ಹೋದರು. ಹೋಗುತ್ತೀರೋ ಇರುತ್ತೀರೋ ಎಂದು ಮಾತ್ರ ಕೇಳಲಿಲ್ಲ.