ಚಹಾ ಒಲ್ಲೆಂದ ಪರದೇಶಿ

ಇಂಡಿ ಪ್ಯಾಟಿಯ ನನ್ನ ನಿಂಬೆಹಣ್ಣಿನ ಅಂಗಡಿಗೆ ಒಮ್ಮೆ, ನಮ್ಮ ಕಡೆಯ ನಿಂಬೆ ತೋಟ ನೋಡಲು ಬಂದ ಅಮೆರಿಕದವನೊಬ್ಬ ಬಂದು ಕುಂತಿದ್ದ. ಬಾಜೂ ಅಂಗಡಿಯ ಹಾಜಿಸಾಹೇಬರು ಪ್ರೀತಿಯಿಂದ ಚಹಾ ತರಿಸಿ ಕೊಟ್ಟರೆ ಅವನು ಬೇಡವೆಂದು ಕೈ ಮುಗಿದ. ಸಾಹೇಬರ ಮುಖ ಸಣ್ಣದಾಯಿತು.

"ನನ್ನ ಕೈಯಾಂದು ಅಂತ ಒಲ್ಲೆ ಅಂದನೇನ್ರಿ ಸಾವಕಾರ್ರ?" ಎಂದು ಎದ್ದೇಬಿಟ್ಟರು.

ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಮಾರ್ಮನ್ ಎಂಬ ಕ್ರೈಸ್ತ ಪಂಥದವನಂತೆ, ಅವರಲ್ಲಿ ಚಹಾ ನಿಷಿದ್ಧ. ದೇವದೂತ ತೋರಿಸಿದ ಬಂಗಾರದ ತಗಡುಗಳ ಮೇಲಿನ ಬರಹದಿಂದ ಬಂದದ್ದಂತೆ ಅವರ ಗ್ರಂಥ.

ಇದನ್ನು ನಾನು ತಿಳಿಸಿ ಹೇಳಿದ ಮೇಲೆ ಸಾಹೇಬರು ಮತ್ತೆ ಕುಂತರು. "ನಮ್ಮ ಕುರಾನನ್ನೂ ದೇವದೂತ ಜಿಬ್ರೀಲರೇ ತಂದದ್ದು!"

"ಆ ತಗಡು ಈಗ ಎಲ್ಲದಾವು?" ಎಂದೆ. ದೇವದೂತ ವಾಪಸ್ ಒಯ್ದನಂತೆ.

"ಸಾವಕಾರ್ರಿಗೆ ಬಂಗಾರದ್ದೇ ಚಿಂತಿ," ಎಂದು ಸಾಹೇಬರು ನಕ್ಕು, ಅವನಿಗೆ ನಿಂಬೆ ಶರಬತ್ತು ಹೇಳಿದರು.

ಅಮೆರಿಕದಲ್ಲಿ ಮಾರ್ಮನ್ನರ ದೊಡ್ಡ ಗುಡಿ ಇದೆಯಂತೆ; ನಾನು ಬಂದರೆ ನೋಡಬಹುದೇ ಎಂದು ಅವನನ್ನು ಕೇಳಿದೆ. ಒಳಗೆ ತಮ್ಮವರಿಗಷ್ಟೇ ಪ್ರವೇಶ ಎಂದ.

"ಮಕ್ಕಾಕ್ಕೂ ನಿಮ್ಮನ್ನ ಬಿಡೂದಿಲ್ರಿ," ಎಂದರು ಸಾಹೇಬರು.

"ಭಲೇ! ಇಬ್ಬರ ಬಾಗಿಲೂ ನನಗ ಬಂದ್. ನನ್ನ ಗಾದಿಗಿ ಮಾತ್ರ ಚಪ್ಪಲ್ ಬಿಟ್ಟು ಯಾರು ಬಂದ್ರೂ ನಡೀತೈತಿ," ಎಂದು ನಾವು ಕುಂತಿದ್ದ ಹತ್ತಿಯ ಹಾಸನ್ನು ತಟ್ಟಿದೆ.

ಸಾಹೇಬರು ಈಗಿಲ್ಲ. ಗಾದಿಯಲ್ಲಿ ಅವರು ಕೂಡುತ್ತಿದ್ದ ಜಾಗ ತಗ್ಗಾಗಿದೆ. ಹತ್ತಿ ತುಂಬಿಸಬೇಕು, ನಾಳೆ ತುಂಬಿಸುತ್ತೇನೆ ಎನ್ನುತ್ತಲೇ ಇದ್ದೇನೆ.